‘ನಾನಾ?’ ಎಂದು ಕೇಳಿದವರಿಗೆ ಏನು ಹೇಳಲಿ?

ನಮ್ಮ ಮೇಲ್ಮನವಿಯ ಕಡತ ಈಗ ಯಾರ ಮೇಜಿನ ಮೇಲಿದೆಯೋ ಅವರಿಗೆ,
ಮತ್ತು ಓದಲು ಪುರುಸೊತ್ತಿರುವ ಕೊಡಗಿನ ಜನರಿಗೆ,

ವಿಷಯ: 2003ರಲ್ಲಿ ಮಾನಸಿಕ ಕಾಯಿಲೆಯ ಕಾರಣ ಸೇನೆಯಿಂದ ಬಿಡುಗಡೆಯಾದ, ನಾಯಕ್ ದರ್ಜೆಯ ಒಬ್ಬ ಚಾಲಕರಿಗೆ ನಿರಾಕರಿಸಿದ ಅಂಗವೈಕಲ್ಯ ಪಿಂಚಣಿ.

ಮಾನ್ಯರೇ,

ಅರ್ಜಿ ಬರೆಯುವುದು ನನಗೆ ಹೊಸತಲ್ಲ. ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು, ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ಗಾಳಿಗೆ ಹೆಂಚು ಹಾರಿಹೋದದ್ದಕ್ಕೆ, ಬಿಸಿಯೂಟದ ಗ್ಯಾಸ್ ಬಾರದ್ದಕ್ಕೆ, ತೋಡು ದಾಟುವ ಮಕ್ಕಳಿಗೆ ಕಾಲುಸಂಕ ಬೇಕೆಂದು, ಬರೆದದ್ದಕ್ಕೆ ಲೆಕ್ಕವಿಲ್ಲ. ಗಂಡನ ವಿಷಯಕ್ಕೆ ಮಾತ್ರ ಹದಿನಾರು ವರ್ಷ ನನ್ನ ಪೆನ್ನು ಏಳಲಿಲ್ಲ. ಅದರಲ್ಲಿ ನನ್ನ ತಪ್ಪೂ ಇದೆ, ಮುಂದೆ ಹೇಳುತ್ತೇನೆ.

ಇವರ ಹೆಸರನ್ನಾಗಲಿ ಸೇನಾ ಸಂಖ್ಯೆಯನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ನಿಮ್ಮ ಕಡತದಲ್ಲಿದೆ. ಮಾದಾಪುರದ ಆಚೆ ಬಂದು ‘ಮಿಲಿಟ್ರಿಯವರ ಮನೆ ಯಾವುದು?’ ಎಂದು ಕೇಳಿದರೆ, ‘ಯಾವ ಮಿಲಿಟ್ರಿಯವರು?’ ಎಂದು ತಿರುಗಿ ಕೇಳುವ ಊರು ನಮ್ಮದು. ಕೊಡಗಿನಲ್ಲಿ ಪಿಂಚಣಿಯ ದಿನ ಬ್ಯಾಂಕಿನ ಸಾಲಿನಲ್ಲಿ ನಿಂತು ನೋಡಿ, ಅರ್ಧ ಪಲ್ಟನ್ನೇ ಸಿಗುತ್ತದೆ.

2021ರ ಮಳೆಗಾಲದಲ್ಲಿ ಒಬ್ಬ ನಿವೃತ್ತ ಸುಬೇದಾರರು ನಮ್ಮ ಮನೆಗೆ ಬಂದಿದ್ದರು. ದೂರದ ನೆಂಟರು. ಕಾಫಿ ಕುಡಿಯುತ್ತಾ, ‘ಇವನದ್ದು ಬೋರ್ಡ್ ಪೇಪರ್ ಇದೆಯಾ?’ ಎಂದು ಕೇಳಿದರು. ಇರಲಿಲ್ಲ. 2003ರಲ್ಲಿ ಮನೆಗೆ ಬಂದಾಗ ಇವರ ಟ್ರಂಕಿನಲ್ಲಿ ಇದ್ದದ್ದು ಬಿಡುಗಡೆಯ ಪುಸ್ತಕ, ಎರಡು ಕಂಬಳಿ, ಒಂದು ಮಗ್. ಸುಬೇದಾರರೇ ಕೂತು ಮಾಹಿತಿ ಹಕ್ಕಿನ ಅರ್ಜಿ ಬರೆಸಿದರು. ನಾಲ್ಕು ತಿಂಗಳ ಮೇಲೆ ಒಂದು ದಪ್ಪ ಲಕೋಟೆ ಬಂತು, ಬೋರ್ಡ್, ಅಂದರೆ ಇವರನ್ನು ಪರೀಕ್ಷಿಸಿದ ವೈದ್ಯಕೀಯ ಮಂಡಳಿಯ ನಡಾವಳಿಯ ನಕಲು. ಹದಿನೆಂಟು ವರ್ಷ ನಮ್ಮ ಬದುಕನ್ನು ಆಳಿದ ಕಾಗದವನ್ನು ನಾನು ಕಂಡದ್ದು ಅವತ್ತೇ ಮೊದಲು.

ಸುಬೇದಾರರು ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಒಂದು ಕಡೆ ಬೆರಳಿಟ್ಟರು. ಎನ್, ಎ, ಎನ್, ಎ. ‘ನೈದರ್ ಆಟ್ರಿಬ್ಯೂಟಬಲ್ ನಾರ್ ಆಗ್ರವೇಟೆಡ್. ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ನಾವು ಬಾಯಿಮಾತಲ್ಲಿ ನಾನಾ ಅಂತೇವೆ’ ಎಂದರು. ಇವರು ಜಗಲಿಯ ಮೂಲೆಯಲ್ಲಿ ಕೂತು ಒಣಗಿದ ಕರಿಮೆಣಸು ಆರಿಸುತ್ತಿದ್ದರು. ಬಂದವರ ಜೊತೆ ಹೆಚ್ಚು ಮಾತಾಡುವವರಲ್ಲ. ಸುಬೇದಾರರು ಅದೇ ಶಬ್ದವನ್ನು ಎರಡನೇ ಸಲ ಹೇಳಿದಾಗ ತಲೆ ಎತ್ತಿ, ‘ನಾನಾ?’ ಎಂದರು.

ಇಂಗ್ಲಿಷಿನ ನಾಲ್ಕು ಅಕ್ಷರ ಅವರ ಕಿವಿಗೆ ಕನ್ನಡವಾಗಿ ಬಿದ್ದಿತ್ತು. ನಾನಾ? ಇದಕ್ಕೆಲ್ಲ ಕಾರಣ ನಾನಾ? ಸುಬೇದಾರರು ಕಾಗದ ಮಡಚಿಟ್ಟರು. ಬೋರ್ಡಿನವರು ಬರೆದದ್ದರ ಅರ್ಥವೂ ಹೆಚ್ಚು ಕಡಿಮೆ ಅದೇ ಅಂತ ಆ ಹೊತ್ತಿನಲ್ಲಿ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಆ ನಾಲ್ಕು ಅಕ್ಷರಕ್ಕೆ ಬೋರ್ಡು ಕೊಟ್ಟ ಕಾರಣ ಒಂದೇ ಸಾಲು. ಕಾಯಿಲೆ ‘ಕಾನ್‌ಸ್ಟಿಟ್ಯೂಷನಲ್’ ಸ್ವರೂಪದ್ದು, ಪೀಸ್ ಸ್ಟೇಷನ್ನಿನಲ್ಲಿ, ಅಂದರೆ ಯುದ್ಧವಿಲ್ಲದ ಠಾಣೆಯಲ್ಲಿ ಶುರುವಾದದ್ದು, ಸೇವೆಗೆ ಸಂಬಂಧವಿಲ್ಲ. ಮೊದಲ ಸಲ ಓದಿದಾಗ, ಇವರ ಕಾಯಿಲೆಗೂ ಅಂಬೇಡ್ಕರ್ ಅವರ ಸಂವಿಧಾನಕ್ಕೂ ಏನು ಸಂಬಂಧವಪ್ಪಾ ಎಂದು ನಿಜಕ್ಕೂ ಗೊಂದಲವಾಯಿತು. ಆಮೇಲೆ ಮಗಳು ಹೇಳಿದಳು, ಹಾಗಲ್ಲಮ್ಮ, ಹುಟ್ಟಿನಿಂದಲೇ ಬಂದ ದೇಹಪ್ರಕೃತಿ ಎಂದು. ಅಂದರೆ ಇವರು ಹುಟ್ಟುವಾಗಲೇ ಹೀಗಿದ್ದರು. 1990ರಲ್ಲಿ ಭರ್ತಿ ಮಾಡಿಕೊಂಡವರ ಕಣ್ಣಿಗೆ ಬೀಳಲಿಲ್ಲ, ತರಬೇತಿ ಕೊಟ್ಟವರ ಕಣ್ಣಿಗೆ ಬೀಳಲಿಲ್ಲ, ಒಂಬತ್ತು ವರ್ಷ ಭಾರದ ಗಾಡಿ ಕೊಟ್ಟು ಓಡಿಸಿಕೊಂಡವರ ಕಣ್ಣಿಗೂ ಬೀಳಲಿಲ್ಲ. ಸೇನೆಯಲ್ಲಿ ಆರೋಗ್ಯವನ್ನು ‘ಶೇಪ್’ ಎಂಬ ಐದು ಅಕ್ಷರದಲ್ಲಿ ಅಳೆಯುತ್ತಾರೆ. ಅದರ ಮೊದಲ ಅಕ್ಷರ ಎಸ್ ಮನಸ್ಸಿನದ್ದು. ಇವರು ಸೇರಿದ್ದು ಶೇಪ್-1 ಆಗಿ. ಮನಸ್ಸಿಗೂ ಅವತ್ತು ಒಂದೇ ಅಂಕ ಕೊಟ್ಟಿದ್ದೀರಿ.

ಇನ್ನು 1999, ಕಾರ್ಗಿಲ್ ಯುದ್ಧದ ವರ್ಷ. ಇವರು ರೈಫಲ್ ಹಿಡಿದು ಬೆಟ್ಟ ಹತ್ತಿದವರಲ್ಲ. ಶಾಲೆಯಲ್ಲಿ ಪ್ರತಿ ಜುಲೈ 26ರ ಕಾರ್ಗಿಲ್ ವಿಜಯ ದಿನಕ್ಕೆ ಇವರನ್ನು ಕರೆದು ಶಾಲು ಹೊದೆಸುತ್ತಿದ್ದೆವು. ಒಂದು ವರ್ಷ ನಾಲ್ಕನೇ ಕ್ಲಾಸಿನ ಹುಡುಗ, ‘ಸರ್, ನೀವು ಎಷ್ಟು ಜನರನ್ನು ಕೊಂದಿದ್ದೀರಿ?’ ಎಂದು ಕೇಳಿಬಿಟ್ಟ. ‘ನಾನು ಡ್ರೈವರ್ ಮಗಾ’ ಎಂದರು. ಮುಂದಿನ ವರ್ಷದಿಂದ ಬರಲಿಲ್ಲ. ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿ ಜೋಜಿಲಾ ಕಣಿವೆ ದಾಟಿ ದ್ರಾಸ್‌ಗೆ ಇಳಿಯುತ್ತದೆ. ಆ ಬೇಸಿಗೆಯಲ್ಲಿ ತೋಲೋಲಿಂಗ್ ಬೆಟ್ಟದ ಮೇಲೆ ಕೂತವರಿಗೆ ಆ ರಸ್ತೆ ಅಂಗೈಯಂತೆ ಕಾಣುತ್ತಿತ್ತು. ಅದಕ್ಕೇ ಕಾನ್‌ವಾಯ್‌ಗಳು ಹೋಗುತ್ತಿದ್ದದ್ದು ರಾತ್ರಿ, ಹೆಡ್‌ಲೈಟ್ ಆರಿಸಿ. ಹೋಗುವಾಗ ಫಿರಂಗಿಯ ಗುಂಡು, ಸೀಮೆಎಣ್ಣೆ, ರೇಷನ್. ಬರುವಾಗ ಗಾಯಾಳುಗಳು, ಕೆಲವೊಮ್ಮೆ ಗಾಯದ ನೋವೂ ಇಲ್ಲದವರು. ಗಾಡಿಯ ಹಿಂಭಾಗವನ್ನು ಬೆಳಿಗ್ಗೆ ಚಾಲಕನೇ ತೊಳೆಯಬೇಕು.

ಇಷ್ಟನ್ನೂ ಇವರು ನನಗೆ ಹೇಳಿದವರಲ್ಲ. ಜೊತೆಯಲ್ಲಿದ್ದ ಗದಗ ಕಡೆಯ ಒಬ್ಬರು ಮಗಳ ನಾಮಕರಣಕ್ಕೆ ಬರಲಾಗದೆ, ಅವಳಿಗೆ ಏಳು ವರ್ಷವಾದ ಮೇಲೆ ಬಂದಿದ್ದರು. ಇವರು ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಹೇಳಿದರು. ಒಂದು ರಾತ್ರಿ ಇವರ ಮುಂದಿದ್ದ ಟ್ರಕ್ಕಿಗೆ ಶೆಲ್ ಬಿತ್ತು. ಓಡಿಸುತ್ತಿದ್ದವನು ಹಾಸನದ ಹುಡುಗ, ಇವರ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು. ಹಿಂದೆ ಇಡೀ ಕಾನ್‌ವಾಯ್ ನಿಂತಿದೆ. ನಿಂತಷ್ಟು ಹೊತ್ತು ಎಲ್ಲರೂ ಗುರಿ. ರಸ್ತೆ ತೆರವು ಮಾಡು ಎಂದು ಆದೇಶ ಬಂತು. ಇವರು ಕೆಳಗಿಳಿಯಲಿಲ್ಲ, ಇಂಜಿನ್ ಆರಿಸಲಿಲ್ಲ, ತಮ್ಮ ಗಾಡಿಯ ಬಂಪರ್ ಕೊಟ್ಟು ಮುಂದಿನ ಗಾಡಿಯನ್ನು ಪಕ್ಕದ ಇಳಿಜಾರಿಗೆ ತಳ್ಳಿದರು. ಹುಡುಗ ಆಗಲೇ ಹೋಗಿಬಿಟ್ಟಿದ್ದನಂತೆ. ‘ಖಂಡಿತಾ ಹೋಗಿದ್ದ ಅಕ್ಕಾರ’ ಎಂದು ಗದಗದವರು ನನಗೆ ಮೂರು ಸಲ ಹೇಳಿದರು. ಇವರಿಗೆ ಎಷ್ಟು ಸಲ ಹೇಳಿರಬೇಕೋ.

ಯುದ್ಧ ಮುಗಿದು ಎರಡು ವರ್ಷ ಇವರು ಕೆಲಸ ಮಾಡಿದರು. ನಿದ್ದೆ ಬರುತ್ತಿರಲಿಲ್ಲ, ಎದೆ ಹೊಡೆದುಕೊಳ್ಳುತ್ತಿತ್ತು, ಯಾರಿಗೂ ಹೇಳಲಿಲ್ಲ. ಸೈನಿಕ ನಿದ್ದೆ ಬರುವುದಿಲ್ಲ ಎಂದು ಯಾರಿಗೆ ಹೇಳುತ್ತಾನೆ? 2001ರ ಆಗಸ್ಟ್‌ನಲ್ಲಿ, ಬಯಲು ಸೀಮೆಯ ಒಂದು ಕಂಟೋನ್ಮೆಂಟಿನಲ್ಲಿ, ಹಗಲು ಹೊತ್ತು, ಗ್ಯಾರೇಜಿನಲ್ಲಿ ಒಂದು ಟಯರ್ ಒಡೆದ ಸದ್ದಿಗೆ ಗಾಡಿಯ ಕೆಳಗೆ ತೂರಿಕೊಂಡವರು ಸಂಜೆಯವರೆಗೆ ಹೊರಗೆ ಬರಲಿಲ್ಲ. ಆಸ್ಪತ್ರೆಗೆ ಸೇರಿಸಿದರು. ಅದೇ ದಿನವನ್ನು ಕಾಯಿಲೆ ‘ಶುರುವಾದ’ ದಿನ ಎಂದು ಬರೆದುಕೊಂಡರು, ಜಾಗ ಪೀಸ್ ಸ್ಟೇಷನ್ ಎಂದು. ಹೊಳೆಯಲ್ಲಿ ಬಿದ್ದವನ ಹೆಣ ಮೂರು ಊರು ಕೆಳಗೆ ಸಿಕ್ಕರೆ, ಅವನು ಆ ಊರಿನಲ್ಲೇ ಬಿದ್ದ ಎಂದು ನಮ್ಮಲ್ಲಿ ಯಾರೂ ಬರೆಯುವುದಿಲ್ಲ.

ಈ ಕಾಯಿಲೆ ತಡವಾಗಿ ತಲೆ ಎತ್ತುವುದು ನಾನು ಕಂಡುಹಿಡಿದ ಸಂಗತಿಯಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಇದನ್ನು ಶೆಲ್ ಶಾಕ್ ಎನ್ನುತ್ತಿದ್ದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ, ಆಘಾತದ ನಂತರದ ಮನಸ್ಸಿನ ತೊಂದರೆ ಎಂಬ ಅರ್ಥದಲ್ಲಿ, ಇದಕ್ಕೆ ಪಿಟಿಎಸ್‌ಡಿ ಎಂದು ಹೆಸರಿಟ್ಟಿತು. ಆಘಾತವಾಗಿ ಆರು ತಿಂಗಳು ಕಳೆದ ಮೇಲೆ ಪೂರ್ತಿ ಲಕ್ಷಣಗಳು ಕಾಣಿಸಿಕೊಳ್ಳುವ ಬಗೆಯನ್ನೂ ಆ ಕೈಪಿಡಿ ಪ್ರತ್ಯೇಕವಾಗಿ ಗುರುತಿಸುತ್ತದೆ. ಅಮೆರಿಕದ್ದು ಬೇಡ ಎಂದರೆ ನಿಮ್ಮದೇ ಸೇನಾ ವೈದ್ಯರ ಮಾರ್ಗಸೂಚಿ ನೋಡಿ. ಮಾನಸಿಕ ಕಾಯಿಲೆಯನ್ನು ಸೇವೆಗೆ ಜೋಡಿಸಬೇಕಾದ ಸಂದರ್ಭಗಳಲ್ಲಿ ಯುದ್ಧದ ಪ್ರದೇಶ, ಅತಿ ಎತ್ತರದ ಜಾಗ, ಒಂಟಿ ಠಾಣೆ ಇವೆಲ್ಲ ಅದರಲ್ಲೇ ಇವೆ. ದ್ರಾಸ್ ಹತ್ತು ಸಾವಿರ ಅಡಿಗೂ ಎತ್ತರದಲ್ಲಿದೆ. ಆದರೆ 2003ರ ಬೋರ್ಡಿನ ಕಾಗದದಲ್ಲಿ ದ್ರಾಸ್ ಎಂಬ ಶಬ್ದ ಎಲ್ಲೂ ಇಲ್ಲ. ನಾನು ಬೆರಳಿಟ್ಟು ಹುಡುಕಿದ್ದೇನೆ, ಮಕ್ಕಳ ಕಾಪಿ ಪುಸ್ತಕ ತಿದ್ದುವ ಹಾಗೆ.

ಈ ಕಾಯಿಲೆ ಹೇಗಿರುತ್ತದೆ ಎಂದು ಒಂದೇ ಒಂದು ರಾತ್ರಿಯ ಕತೆ ಹೇಳುತ್ತೇನೆ. 2006ರಲ್ಲಿ ಸೋಮವಾರಪೇಟೆಯಲ್ಲಿ ಮದುವೆ ಮುಗಿಸಿ ಇವರ ಅಣ್ಣನ ಓಮ್ನಿಯಲ್ಲಿ ಬರುತ್ತಿದ್ದೆವು. ರಾತ್ರಿ ಹತ್ತಾಗಿತ್ತು, ಮಂಜು ಕವಿದಿತ್ತು. ನಾಲ್ಕು ವರ್ಷದ ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಒಂದು ತಿರುವಿನಲ್ಲಿ ಎಡಗಡೆ ಏರು ಎದ್ದು ಕಾಣಿಸಿತು. ಇವರು ಸದ್ದಿಲ್ಲದೆ ಹೆಡ್‌ಲೈಟ್ ಆರಿಸಿದರು. ಬಲ್ಬು ಹೋಯಿತೇನೋ ಎಂದುಕೊಂಡೆ. ಗಾಡಿ ನಿಲ್ಲಲಿಲ್ಲ, ನಿಧಾನವಾಗಲೂ ಇಲ್ಲ. ಆ ಕತ್ತಲಲ್ಲಿ, ಆ ಮಂಜಿನಲ್ಲಿ, ಒಂದು ಕಡೆ ಪ್ರಪಾತ ಇರುವ ರಸ್ತೆಯಲ್ಲಿ, ಗೆರೆ ಎಳೆದ ಹಾಗೆ ಓಡಿಸುತ್ತಿದ್ದಾರೆ. ‘ಲೈಟ್ ಹಾಕಿ’ ಎಂದೆ. ‘ಮೇಲಿಂದ ಕಾಣುತ್ತದೆ’ ಎಂದರು. ಮೆಲ್ಲಗೆ, ಮಗು ಏಳಬಾರದು ಎನ್ನುವ ದನಿಯಲ್ಲಿ. ಎಷ್ಟು ದೂರ ಹಾಗೆ ಬಂದೆವೋ ಗೊತ್ತಿಲ್ಲ. ಒಂದು ಮನೆಯ ಬೆಳಕು ಕಂಡಾಗ ತಾವೇ ನಿಲ್ಲಿಸಿ, ಇಳಿದು, ಗಾಡಿಯ ಹಿಂದಕ್ಕೆ ಹೋಗಿ ಬಾಗಿಲು ತೆರೆದು ನೋಡಿದರು. ಒಳಗೆ ಮದುವೆಮನೆಯವರು ಕೊಟ್ಟ ಬಾಳೆಗೊನೆ ಇತ್ತು.

ಅವತ್ತಿನಿಂದ ಯಾವ ಗಾಡಿಯ ಕೀಯೂ ಇವರ ಕೈಗೆ ಸಿಗದ ಹಾಗೆ ಅಕ್ಕಿ ಡಬ್ಬಿಯೊಳಗೆ ಇಡುತ್ತಾ ಬಂದೆ.

2009ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆ. ಅಲ್ಲಿಯ ವೈದ್ಯರು ಎರಡು ಗಂಟೆ ಕೂರಿಸಿಕೊಂಡು ಕೇಳಿದರು, ಅರ್ಧ ಗಂಟೆ ಬರೀ ಡ್ರೈವಿಂಗ್ ಬಗ್ಗೆ. ಚೀಟಿಯಲ್ಲಿ ಬರೆದ ಕಾಯಿಲೆಯ ಹೆಸರು ಪಿಟಿಎಸ್‌ಡಿ, ಕಾರಣದ ಜಾಗದಲ್ಲಿ 1999. ಮೇಲ್ಮನವಿಯ ಜೊತೆ ಅದರ ನಕಲು ಇಟ್ಟಿದ್ದೇನೆ. ತೆರೆದು ನೋಡಿರುವಿರಾ?

ನಿಯಮದ ಮಾತಿಗೆ ಬರುತ್ತೇನೆ. ಇದನ್ನೆಲ್ಲ ಸುಬೇದಾರರ ಹತ್ತಿರ ಕಲಿತದ್ದು. ಈಗ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ಇವರು ಹೊರಬಂದ ಕಾಲಕ್ಕೆ ಜಾರಿಯಲ್ಲಿದ್ದದ್ದು 1982ರ ಅರ್ಹತಾ ನಿಯಮಗಳು. 2008ರಲ್ಲಿ ಒಮ್ಮೆ, 2023ರ ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ನಿಯಮ ಬದಲಾಗಿದೆ, ಅವು ಆಮೇಲೆ ಹೊರಬಂದವರಿಗೆ. 1982ರ 5ನೇ ನಿಯಮದ ಪ್ರಕಾರ, ಸೇರುವಾಗ ಯಾವುದೇ ದೋಷ ದಾಖಲಾಗದಿದ್ದರೆ ಸೈನಿಕ ದೇಹದಲ್ಲೂ ಮನಸ್ಸಿನಲ್ಲೂ ಗಟ್ಟಿಯಾಗಿದ್ದ ಎಂದೇ ಭಾವಿಸಬೇಕು. 9ನೇ ನಿಯಮ, ಹಕ್ಕನ್ನು ಸಾಬೀತು ಮಾಡುವ ಹೊರೆ ಕೇಳುವವನ ಮೇಲಿಲ್ಲ ಎನ್ನುತ್ತದೆ. ಸಂಶಯವಿದ್ದರೆ ಲಾಭ ಅವನಿಗೆ, ಫೀಲ್ಡ್‌ನಲ್ಲಿ ಸೇವೆ ಮಾಡಿದವನಿಗಂತೂ ಇನ್ನೂ ಉದಾರವಾಗಿ. 14ನೇ ನಿಯಮದ ಪ್ರಕಾರ, ಸೇರುವಾಗ ಇಲ್ಲದ ಕಾಯಿಲೆ ಸೇವೆಯಲ್ಲಿ ಬಂದದ್ದು ಎಂದೇ ಲೆಕ್ಕ. ಭರ್ತಿಯ ಪರೀಕ್ಷೆಯಲ್ಲಿ ಅದು ಗೊತ್ತಾಗುವಂಥದ್ದಲ್ಲ ಎಂದು ವೈದ್ಯರಿಗೆ ಅನಿಸಿದರೆ ಹಾಗೆ ಬರೆಯಬಹುದು, ಆದರೆ ಕಾರಣ ಕೊಟ್ಟು ಬರೆಯಬೇಕು. ಸಿಗ್ನಲ್ಸ್ ವಿಭಾಗದ ಒಬ್ಬ ಸೈನಿಕನ ಮೂರ್ಛೆರೋಗದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈಯಲ್ಲಿ ಇದನ್ನೇ ಹೇಳಿತು. ಧರಮ್‌ವೀರ್ ಸಿಂಗ್ ತೀರ್ಪು ಎಂದರೆ ಈಗ ಮಾಜಿ ಸೈನಿಕರಲ್ಲಿ ತಿಳಿಯದವರು ಕಡಿಮೆ.

ನಿಮ್ಮ ಕಡೆಯ ವಾದವೂ ನನಗೆ ಗೊತ್ತು. 2019ರಲ್ಲಿ ಸ್ಕಿಜೋಫ್ರೇನಿಯಾ ಆದ ಒಬ್ಬ ಸೈನಿಕನ ಅರ್ಜಿಯನ್ನು ಅದೇ ಕೋರ್ಟ್ ತಳ್ಳಿಹಾಕಿತು. ಮನಸ್ಸಿನ ಕಾಯಿಲೆಯನ್ನು ಭರ್ತಿಯ ದಿನ ಹತ್ತು ನಿಮಿಷದಲ್ಲಿ ಪತ್ತೆ ಹಚ್ಚಲಾಗದು ಎಂಬ ಅರ್ಥದಲ್ಲಿ. ಒಪ್ಪುತ್ತೇನೆ. ಕೆಲವು ಕಾಯಿಲೆ ಮನುಷ್ಯ ಎಲ್ಲಿದ್ದರೂ ಬರುತ್ತದೆ, ತೋಟದಲ್ಲಿದ್ದರೂ ಬರುತ್ತದೆ. ಆದರೆ ಇವರದ್ದು ಸ್ಕಿಜೋಫ್ರೇನಿಯಾ ಅಲ್ಲ. ಸ್ಕಿಜೋಫ್ರೇನಿಯಾದ್ದೇ ಇನ್ನೊಂದು ಪ್ರಕರಣದಲ್ಲಿ, 2025ರ ಮೇ ತಿಂಗಳಲ್ಲಿ, ಕಾರಣ ಬರೆಯದ ವೈದ್ಯಕೀಯ ಮಂಡಳಿಯ ಅಭಿಪ್ರಾಯ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಸೈನಿಕನಿಗೆ ಪಿಂಚಣಿ ಕೊಡಿಸಿತು. ‘ಕಾನ್‌ಸ್ಟಿಟ್ಯೂಷನಲ್’ ಎಂಬ ಒಂದು ಶಬ್ದ ಕಾರಣವೇ? ನನ್ನ ಮಕ್ಕಳು ಪರೀಕ್ಷೆಯಲ್ಲಿ ‘ಕಾರಣ ಕೊಡಿ’ ಎಂಬ ಪ್ರಶ್ನೆಗೆ ಒಂದು ಶಬ್ದ ಬರೆದರೆ ನಾನು ಅರ್ಧ ಅಂಕವನ್ನೂ ಕೊಡುವುದಿಲ್ಲ.

ಆ ಲಕೋಟೆಯಲ್ಲಿ ಇನ್ನೊಂದು ಕಾಗದವಿತ್ತು. ಮಾನಸಿಕ ಕಾಯಿಲೆಯಾದಾಗ ಘಟಕದ ಕಮಾಂಡಿಂಗ್ ಆಫೀಸರ್ ಒಂದು ವರದಿ ಕೊಡಬೇಕು, ಎಎಫ್‌ಎಂಎಸ್‌ಎಫ್-10 ಎನ್ನುತ್ತಾರೆ. ಅದರಲ್ಲಿ ಆ ಅಧಿಕಾರಿ, ಇವರು 1999ಕ್ಕೆ ಮುಂಚೆ ಎಲ್ಲರೊಡನೆ ಬೆರೆಯುತ್ತಿದ್ದವರು, ಹಾಕಿ ಆಡುತ್ತಿದ್ದವರು, ಕಾರ್ಯಾಚರಣೆಯ ನಂತರ ಒಂಟಿಯಾಗಿರುತ್ತಾರೆ ಎಂದು ಕೈಬರಹದಲ್ಲಿ ಬರೆದಿದ್ದಾರೆ. ಆ ಪುಣ್ಯಾತ್ಮರು ಎಲ್ಲಿದ್ದಾರೋ, ಚೆನ್ನಾಗಿರಲಿ. ಅವರ ಕಾಗದವೂ ಬೋರ್ಡಿನ ಕಾಗದವೂ ಒಂದೇ ಪಿನ್ನಿನಲ್ಲಿವೆ. ಎರಡನ್ನೂ ಓದಿದವರು ಆ ಬೋರ್ಡಿನಲ್ಲಿ ಒಬ್ಬರೂ ಇರಲಿಲ್ಲವೇ?

2018ರ ಮಾತು ಹೇಳಲೇಬೇಕು, ಏಕೆಂದರೆ ಅದನ್ನು ನಮ್ಮ ವಿರುದ್ಧ ಬಳಸಲಾಗಿದೆ. ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದಲ್ಲಿ ಗುಡ್ಡಗಳೇ ಇಳಿದುಬಂದದ್ದು ನಿಮಗೂ ಗೊತ್ತಿರಬೇಕು. ರಾತ್ರಿ ಗುಡುಗಲ್ಲದ ಒಂದು ಸದ್ದು ಬರುತ್ತಿತ್ತು, ನೆಲದೊಳಗಿಂದ. ನಾನು ನಡುಗುತ್ತಿದ್ದೆ. ಇವರು ಎದ್ದು ಅಂಗಿ ಹಾಕಿಕೊಂಡು ‘ಕೀ ಕೊಡು’ ಎಂದರು. ಹನ್ನೆರಡು ವರ್ಷದ ಮೇಲೆ ಆ ಮಾತು ಕೇಳಿದ್ದು. ಅಕ್ಕಿ ಡಬ್ಬಿಯಿಂದ ತೆಗೆದು ಕೊಟ್ಟೆ. ಪಕ್ಕದ ತೋಟದ ಪಿಕಪ್‌ನಲ್ಲಿ ಮೂರು ದಿನ ಮುದುಕರನ್ನು, ಬಾಣಂತಿಯರನ್ನು, ಒಂದು ಸಲ ಕರುವನ್ನೂ ಗಂಜಿಕೇಂದ್ರಕ್ಕೆ ಸಾಗಿಸಿದರು. ಲೈಟ್ ಹಾಕಿಕೊಂಡೇ ಓಡಿಸಿದರು. ಊರವರು ಇವತ್ತಿಗೂ ಅದನ್ನು ಹೇಳುತ್ತಾರೆ. ಊರವರಿಗೆ ಗೊತ್ತಿಲ್ಲದ್ದು, ಸೆಪ್ಟೆಂಬರ್ ಮೊದಲ ವಾರದಿಂದ ಹನ್ನೊಂದು ದಿನ ಇವರು ಕಾಫಿ ಗೋದಾಮಿನಿಂದ ಹೊರಗೆ ಬರಲಿಲ್ಲ. ಚೀಲಗಳ ನಡುವೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಊಟವನ್ನು ಬಾಗಿಲಲ್ಲಿಟ್ಟು ಬರುತ್ತಿದ್ದೆ.

2022ರಲ್ಲಿ ಮರುಪರೀಕ್ಷೆಗೆ ಹೋದಾಗ ಒಬ್ಬ ವೈದ್ಯರು, ‘ಪ್ರವಾಹದಲ್ಲಿ ಗಾಡಿ ಓಡಿಸಿದ್ದೀರಂತೆ, ಮತ್ತೇನು ಕಾಯಿಲೆ?’ ಎಂದು ಕೇಳಿದರು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಇವರು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ‘ಯೆಸ್ ಸರ್’ ಎನ್ನುತ್ತಿದ್ದರು, ಅಭ್ಯಾಸ ಹಾಗೆ. ನಾನು ಹೊರಗಿನ ಬೆಂಚಿನಲ್ಲಿದ್ದೆ. ಒಳಗಿದ್ದಿದ್ದರೆ ಹೇಳುತ್ತಿದ್ದೆ: ಸಾರ್, ಇವರ ಮೈಗೆ ಆಪತ್ತು ಗೊತ್ತು. ಆಪತ್ತು ಮುಗಿದಿದೆ ಎನ್ನುವುದು ಗೊತ್ತಾಗುವುದಿಲ್ಲ, ಅದೇ ಕಾಯಿಲೆ.

ಇನ್ನು ನನ್ನ ತಪ್ಪು. 2004ರಲ್ಲಿ ಇವರು ತಾವೇ ಹೋಗಿ ಮಡಿಕೇರಿಯ ಟೈಪಿಂಗ್ ಅಂಗಡಿಯಲ್ಲಿ ಒಂದು ಪ್ಯಾರಾದ ಮೇಲ್ಮನವಿ ಬರೆಸಿ ಕಳಿಸಿದ್ದರು. 2005ರಲ್ಲಿ ತಿರಸ್ಕಾರವಾಯಿತು. ಆಮೇಲೆ ನಾನು ಮುಚ್ಚಿಟ್ಟೆ. ಕೇಳಿದವರಿಗೆ ಬಿಪಿ ಎಂದೆ. ನಮ್ಮ ಅತ್ತೆ ಗುಳಿಗ ದೈವದ ಉಪದ್ರ ಎಂದರು, ಕೋಳಿ ಕೊಟ್ಟೆವು. ಕ್ಯಾಂಟೀನ್ ರಮ್ ಕುಡಿದು ಮಲಗಿದರೆ ಸಾಕು ಎಂದು ಕೆಲವು ವರ್ಷ ನಾನೇ ಗ್ಲಾಸು ತಂದಿಟ್ಟೆ. ಬೋರ್ಡಿನವರು ಇದನ್ನೂ ಬರೆದುಕೊಳ್ಳಲಿ, ಮುಚ್ಚಿಡುವುದು ಏನೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಕೊಡವರಿಗೂ ಜಮ್ಮಾ ಜಮೀನಿನವರಿಗೂ ಕೋವಿಗೆ ಲೈಸೆನ್ಸಿನ ವಿನಾಯಿತಿ ಇದೆ, ಗೋಡೆಯ ಮೇಲೆ ಕೋವಿ ಇಲ್ಲದ ಹಳೆಯ ಮನೆ ಕಡಿಮೆ. ನಿಮ್ಹಾನ್ಸ್‌ಗೆ ಹೋಗುವ ಹಿಂದಿನ ವಾರ ಒಂದು ರಾತ್ರಿ ಇವರು ಮಾತಾಡಿದ ರೀತಿ ನನಗೆ ಸರಿ ಕಾಣಲಿಲ್ಲ. ಬೆಳಗಾಗುವ ಮೊದಲೇ ಸೀರೆಯಲ್ಲಿ ಸುತ್ತಿ ಕೋವಿಯನ್ನು ಇವರ ಅಣ್ಣನ ಮನೆಗೆ ಕೊಟ್ಟು ಬಂದೆ. ಈಗ ಕೈಲ್‌ಪೊಳ್ದ್‌ಗೆ ನಮ್ಮ ಕೋವಿಗೆ ಪೂಜೆ ಆಗುವುದು ಅಲ್ಲೇ. ಆ ದಿನ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಸದ್ದು ಕೇಳದಿರಲೆಂದು ಇವರನ್ನು ಕುಶಾಲನಗರಕ್ಕೆ ಕರೆದೊಯ್ಯುತ್ತೇನೆ. ಆನೆ ಓಡಿಸುವ ಪಟಾಕಿಗೆ, ಸಾವಿನ ಮನೆಯಲ್ಲಿ ಹಾರಿಸುವ ಎರಡು ಗುಂಡಿಗೆ ಮಾತ್ರ ಏನೂ ಮಾಡಲಾಗುವುದಿಲ್ಲ. ಎರಡನೇ ಗುಂಡು ಬರುವವರೆಗೆ ಇವರು ಉಸಿರು ಬಿಡುವುದಿಲ್ಲ. ಒಂದೇ ಆದರೆ ಎಲ್ಲೋ ಗಂಡುಮಗು ಹುಟ್ಟಿದೆ ಎಂದು ನಾನು ಜೋರಾಗಿ ಹೇಳುತ್ತೇನೆ.

ಇದನ್ನು ಓದುವ ಕೊಡಗಿನವರಿಗೆ ಒಂದು ಮಾತು. ಸೇನೆಯ ಮೊದಲ ಭಾರತೀಯ ದಂಡನಾಯಕ ಕಾರ್ಯಪ್ಪ, ಆಮೇಲೆ ತಿಮ್ಮಯ್ಯ, ಇಬ್ಬರೂ ನಮ್ಮ ಜಿಲ್ಲೆಯವರು ಎಂದು ನಾನೂ ಪ್ರತಿ ವರ್ಷ ಪಾಠ ಮಾಡುತ್ತೇನೆ, ತಿಮ್ಮಯ್ಯನವರ ಸನ್ನಿಸೈಡ್ ಮನೆಯ ಮ್ಯೂಸಿಯಂಗೆ ಮಕ್ಕಳನ್ನು ಕರೆದೊಯ್ಯುತ್ತೇನೆ. ಹಾಗೆಂದು ನಮ್ಮ ಮನೆಯಲ್ಲಿ ಹೆದರುವವನು ಇದ್ದರೆ ವಂಶಕ್ಕೆ ಕಳಂಕವಲ್ಲ. ನನ್ನಂತೆ ಬಿಪಿ ಎಂದು ಹೇಳಿಕೊಂಡು ತಿರುಗುವ ಹೆಂಗಸರು ಇನ್ನೆಷ್ಟು ಮಂದಿ ಇದ್ದಾರೋ. ಬೋರ್ಡಿನ ಕಾಗದ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ತರಿಸಿ. ಅರ್ಜಿ ಹೇಗೆ ಎಂದು ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ರಾತ್ರಿ ಕೈ ಮೀರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕೋವಿಯನ್ನು ಮಾತ್ರ ಮೊದಲು ಮನೆಯಿಂದ ಆಚೆ ಕಳಿಸಿ.

ಮತ್ತೆ ನಿಮ್ಮ ಕಡೆಗೆ. 2023ರಲ್ಲಿ ಬಂದ ಉತ್ತರದಲ್ಲಿ, 2005ರಲ್ಲೇ ತೀರ್ಮಾನವಾಗಿದೆ, ಆರು ತಿಂಗಳ ಅವಧಿ ಮೀರಿದೆ ಎಂದಿದ್ದೀರಿ. ಪಿಂಚಣಿ ತಿಂಗಳು ತಿಂಗಳು ತಪ್ಪುತ್ತಾ ಹೋಗುವಂಥದ್ದು, ಆದ್ದರಿಂದ ತಡವಾಯಿತೆಂದು ಹಕ್ಕು ಸಾಯುವುದಿಲ್ಲ, ಹಿಂಬಾಕಿ ಮಾತ್ರ ಮೂರು ವರ್ಷಕ್ಕೆ ಸೀಮಿತ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಅಷ್ಟೇ ಸಾಕು, ಇಪ್ಪತ್ತು ವರ್ಷದ್ದು ನಾನು ಕೇಳುತ್ತಿಲ್ಲ. 2003ರ ಬೋರ್ಡ್ ಇವರ ವೈಕಲ್ಯವನ್ನು ಶೇ. 30 ಎಂದು ಬರೆದಿದೆ. ಕಾಯಿಲೆ ಇದೆ ಎಂಬುದರಲ್ಲಿ ನಿಮಗೂ ತಕರಾರಿಲ್ಲ ಎಂದಾಯಿತು. ಐವತ್ತಕ್ಕಿಂತ ಕಡಿಮೆಯದ್ದನ್ನು ಐವತ್ತಕ್ಕೆ ಏರಿಸಿ ಲೆಕ್ಕ ಹಾಕುವ ಕ್ರಮ ಇದೆ. ಪೂರ್ತಿ ವೈಕಲ್ಯಕ್ಕೆ ಮೂಲವೇತನದ ಶೇ. 30, ಐವತ್ತಕ್ಕೆ ಅದರ ಅರ್ಧ. ಒಬ್ಬ ನಾಯಕ್‌ನ ಸಂಬಳದಲ್ಲಿ ಅದೆಷ್ಟಾಗುತ್ತದೆ, ನೀವೇ ಲೆಕ್ಕ ಹಾಕಿ. ಇವರಿಗೆ ಈಗ ಬರುವ, ಕಾಯಿಲೆಯ ಕಾರಣ ಹೊರಬಂದವರ ಇನ್‌ವ್ಯಾಲಿಡ್ ಪಿಂಚಣಿಯಲ್ಲಿ, ನನ್ನ ಸಂಬಳದಲ್ಲಿ, ಮೂರೆಕರೆ ಕಾಫಿಯಲ್ಲಿ ನಮ್ಮ ಊಟಕ್ಕೆ ತೊಂದರೆ ಇಲ್ಲ.

ಸಶಸ್ತ್ರ ಪಡೆಗಳ ಟ್ರಿಬ್ಯೂನಲ್‌ಗೆ ಹೋಗಿ ಎಂದು ಹಲವರು ಹೇಳಿದ್ದಾರೆ. ಅದರ ಕಾಯಂ ಪೀಠ ಕರ್ನಾಟಕದಲ್ಲಿಲ್ಲ; ನಮ್ಮ ದಕ್ಷಿಣದಲ್ಲಿ ಇರುವುದು ಕೊಚ್ಚಿ ಮತ್ತು ಚೆನ್ನೈಯಲ್ಲಿ. ಇವರನ್ನು ಬಸ್ಸಿನಲ್ಲಿ ಮಡಿಕೇರಿಗೆ ಕರೆದೊಯ್ಯುವುದೇ ಒಂದು ದಿನದ ಕೆಲಸ. ಕಿಟಕಿಯ ಪಕ್ಕ ಕೂರುವುದಿಲ್ಲ, ಡ್ರೈವರ್ ಹಿಂದಿನ ಸೀಟೇ ಆಗಬೇಕು. ಹೋಗಬೇಕಾಗಿ ಬಂದರೆ ಹೋಗುತ್ತೇವೆ. ಅದಕ್ಕೆ ಮುಂಚೆ ನೀವು ಮಾಡಬಹುದಾದದ್ದು ಇದೆ. ಆ ವರ್ಷದ ಇವರ ಘಟಕದ ವಾರ್ ಡೈರಿ ತರಿಸಿ. ಇವರ ಗಾಡಿಯ ಕಾರ್ ಡೈರಿ ಉಳಿದಿದ್ದರೆ ಅದನ್ನೂ ತರಿಸಿ. ಯಾವ ರಾತ್ರಿ ಎಲ್ಲಿಂದ ಎಲ್ಲಿಗೆ ಹೋಯಿತು, ಅದರಲ್ಲಿರುತ್ತದೆ. ಕಮಾಂಡಿಂಗ್ ಆಫೀಸರರ ವರದಿ, ನಿಮ್ಹಾನ್ಸ್ ಚೀಟಿ, ಎರಡನ್ನೂ ಒಬ್ಬ ಮನೋವೈದ್ಯರ ಮುಂದಿಟ್ಟು ಹೊಸದಾಗಿ ಬೋರ್ಡ್ ಕೂರಿಸಿ, ನನ್ನನ್ನು ಒಳಗೆ ಕರೆದು ಕೇಳಿ. ಅಷ್ಟೆಲ್ಲ ನೋಡಿದ ಮೇಲೂ ಸೇವೆಗೆ ಸಂಬಂಧವಿಲ್ಲ ಎನಿಸಿದರೆ ಹಾಗೇ ಬರೆಯಿರಿ, ಆದರೆ ಏಕೆ ಎಂದು ನಾಲ್ಕು ಸಾಲು ಬರೆಯಿರಿ. ‘ನಾನಾ?’ ಎಂದು ಕೇಳಿದವರಿಗೆ ಓದಿ ಹೇಳಲು ನನ್ನ ಹತ್ತಿರ ಏನಾದರೂ ಬೇಕು.

ಉತ್ತರವನ್ನು ದಯವಿಟ್ಟು ಮನೆಯ ವಿಳಾಸಕ್ಕೆ ಹಾಕಬೇಡಿ. 2023ರ ಕಾಗದ ನೇರ ಇವರ ಕೈಗೆ ಸಿಕ್ಕಿ ಮೂರು ವಾರ ನಾವು ಮಲಗಲಿಲ್ಲ. ನನ್ನ ಹೆಸರಿಗೆ, ಶಾಲೆಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ. ಮೇಲ್ಮನವಿಯ ಕೊನೆಯ ಪುಟದಲ್ಲಿ ಕೊಟ್ಟಿದ್ದೇನೆ. ಪೋಸ್ಟ್‌ಮ್ಯಾನ್‌ಗೂ ಹೇಳಿಟ್ಟಿದ್ದೇನೆ. ಮಳೆಗೆ ರಜೆ ಕೊಟ್ಟ ದಿನ ಬಂದರೆ ಅಂಚೆ ಕಚೇರಿಯಲ್ಲೇ ಇಟ್ಟುಕೊಂಡಿರಲಿ, ನಾನೇ ನಡೆದು ಬಂದು ತೆಗೆದುಕೊಳ್ಳುತ್ತೇನೆ.

ಇತಿ,
ಮಾಜಿ ನಾಯಕ್ ಒಬ್ಬರ ಹೆಂಡತಿ
ಮಾದಾಪುರ, ಕೊಡಗು